ಊರಿಗೆಲ್ಲ ಒಂದೇ ನಂಬರಿನ ಅನ್ನದಾನಮ್ಮ

ಅನ್ನದಾನಮ್ಮನವರು ತೀರಿಕೊಂಡದ್ದು ಜನವರಿ ತಿಂಗಳ ಒಂದು ಭಾನುವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ನಾನು ಪಕ್ಕದಲ್ಲೇ ಕೂತಿದ್ದೆ. ತೀರಿಕೊಂಡ ಮೇಲೆ ಅವರು ಎದ್ದು ಒಳಗೆ ಹೋಗಿ, ಮಂಡಕ್ಕಿಗೆ ಒಗ್ಗರಣೆ ಹಾಕಿ, ಮೂರು ತಟ್ಟೆಯಲ್ಲಿ ತಂದರು. ಮೆಣಸಿನಕಾಯಿ ಸ್ವಲ್ಪ ಹೆಚ್ಚಾಗಿತ್ತು.

ಇದನ್ನು ಮೊದಲಿನಿಂದ ಹೇಳದಿದ್ದರೆ ನನಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತೀರಿ. ನನ್ನ ಹೆಸರು ಸೋಮಶೇಖರ್. ಹೊಸಹಳ್ಳಿ ಹೋಬಳಿಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕೂರುವವನು. ಊರಿನ ಹೆಸರು ಹೇಳುವುದಿಲ್ಲ, ನನಗೆ ಇನ್ನೂ ಒಂಬತ್ತು ವರ್ಷ ಸರ್ವೀಸು ಇದೆ. ಅನ್ನದಾನಮ್ಮ ಅದೇ ಊರಿನ ಆಶಾ ಕಾರ್ಯಕರ್ತೆ. ವಯಸ್ಸು ಐವತ್ತಕ್ಕೆ ಒಂದು ಕಡಿಮೆ. ಗಿಡ್ಡನೆಯ ಆಳು, ದನಿ ಮಾತ್ರ ಓಣಿಯ ಆ ತುದಿಗೆ ಕೇಳುವಂಥದ್ದು. ಯಾವಳಾದರೂ ಬಸುರಿ ಆಸ್ಪತ್ರೆಗೆ ಬರುವುದಿಲ್ಲ ಅಂದರೆ ಇವರು ಜಗಳ ಆಡುವುದಿಲ್ಲ, ಆ ಮನೆಯ ಕಟ್ಟೆ ಮೇಲೆ ಕೂತುಬಿಡುತ್ತಾರೆ. ಒಮ್ಮೆ ಒಬ್ಬ ಯಜಮಾನ ಸಿಟ್ಟಿಗೆದ್ದು ಬಾಗಿಲು ಹಾಕಿಕೊಂಡ. ಇವರು ಹೊರಗೆ ಕೂತು ಅವನ ಮನೆಯದೇ ಅರ್ಧ ಚೀಲ ಶೇಂಗಾ ಸುಲಿದಿಟ್ಟರು. ಸಂಜೆ ಹೊತ್ತಿಗೆ ಅವನೇ ನಾಚಿ ಸೊಸೆಯನ್ನು ಜೊತೆಗೆ ಕಳಿಸಿದ.

ಇಂಥ ಅನ್ನದಾನಮ್ಮನವರ ಹತ್ತಿರ ಇಡೀ ಊರಿಗೆ ಬೇಕಾದ ಒಂದು ವಸ್ತು ಇತ್ತು, ಬದಲಾಗದ ಮೊಬೈಲ್ ನಂಬರು. ನಮ್ಮ ಕಡೆ ಜನ ಆಫರ್ ಬಂದಾಗಲೆಲ್ಲ ಸಿಮ್ ಬದಲಾಯಿಸುತ್ತಾರೆ. ಹೆಂಗಸರ ಫೋನು ಗಂಡನ ಜೇಬಿನಲ್ಲಿರುತ್ತದೆ, ಗಂಡ ಕುರಿಗಳ ಹಿಂದೆ ಗುಡ್ಡದ ಮೇಲಿರುತ್ತಾನೆ, ಗುಡ್ಡದ ಮೇಲೆ ಸಿಗ್ನಲ್ ಇರುವುದಿಲ್ಲ. ಯಾವ ಅರ್ಜಿ ತುಂಬಿದರೂ ಓಟಿಪಿ ಬರುತ್ತದೆ, ಬಂದ ಓಟಿಪಿ ಹಿಡಿಯಲು ಯಾರೂ ಇರುವುದಿಲ್ಲ. ಅದಕ್ಕೆ ಗ್ಯಾಸಿರಲಿ, ರೇಷನ್ನಿರಲಿ, ಮಗುವಿನ ಲಸಿಕೆಯಿರಲಿ, ಫೋನಿನ ಜಾಗ ಬಂದ ಕೂಡಲೇ ಅನ್ನದಾನಮ್ಮ "ನಂದು ಬರೀರಿ" ಅನ್ನುತ್ತಿದ್ದರು. ಯಾರ ಹೆಸರಿಗೆ ಫೋನು ಬಂದರೂ ಅವರಾಗಿಯೇ ಮಾತಾಡುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಎಂಬತ್ತು ವರ್ಷದ ಗಿಡ್ಡಮ್ಮ, ಒಂಬತ್ತಕ್ಕೆ ಬಾಣಂತಿ, ಹತ್ತಕ್ಕೆ ಪೋಲಿಯೋ ಆದ ಟೈಲರ್ ಓಬಣ್ಣ. ಓಬಣ್ಣನಾದಾಗ ದನಿ ಸ್ವಲ್ಪ ಇಳಿಸುತ್ತಿದ್ದರು ಅಷ್ಟೆ. ನಾನು ಇದನ್ನು ನೋಡಿ ನಗುತ್ತಿದ್ದೆ. ಪುಕ್ಕಟೆ ಊರ ಚಾಕರಿ ಅಂತ ಒಂದೆರಡು ಸಲ ಹೇಳಿಯೂ ಇದ್ದೆ.

ಹೀಗಿರುವಾಗ ನಮ್ಮ ಐದು ತಾಲ್ಲೂಕಿಗೆ 'ಕೂಡುಕೈ' ಬಂತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದರಲ್ಲಿ ಪ್ರಯೋಗ ಯಶಸ್ವಿಯಾದರೆ ಉಳಿದವರಿಗೂ ಭಾಗ್ಯ ಅಂದರು. ಕೂಡುಕೈ ಅಂದರೆ ಒಂದು ಆ್ಯಪ್. ಕಾಯಿಲೆಯವರು, ಅಂಗವಿಕಲರು, ಬಸುರಿಯರು, ಮುದುಕರು, ಒಬ್ಬೊಬ್ಬರಿಗೂ ಅದರಲ್ಲಿ ಒಂದೊಂದು ಆರೈಕೆ ಯೋಜನೆ. ಡಾಕ್ಟರು ಏನು ಬರೆದರು, ಅಂಗನವಾಡಿಯವರು ಏನು ಕೊಟ್ಟರು, ಪಿಂಚಣಿ ಎಲ್ಲಿಗೆ ಬಂತು, ಗಾಲಿಕುರ್ಚಿ ಯಾವಾಗ ಬರುತ್ತದೆ, ಎಲ್ಲ ಇಲಾಖೆಯವರೂ ಒಂದೇ ಪುಟದಲ್ಲಿ ಬರೆಯಬೇಕು, ಎಲ್ಲರೂ ಓದಬೇಕು. ಮಾತು ಕೇಳಿದರೆ ಬೇಡ ಅನ್ನುವ ಹಾಗಿರಲಿಲ್ಲ. ಒಂದೇ ಕಾಂಪೌಂಡಿನ ನಾಲ್ಕು ಆಫೀಸುಗಳಿಗೆ ಗಿಡ್ಡಮ್ಮ ಒಂದೇ ಕಾಗದದ ನಾಲ್ಕು ಜೆರಾಕ್ಸ್ ಹೊತ್ತು ತಿರುಗಿದ್ದನ್ನು ನಾನೇ ಕಂಡಿದ್ದೇನೆ.

ಆದರೆ ಆ್ಯಪ್ ಬಂದ ಎರಡೇ ತಿಂಗಳಲ್ಲಿ ನಮ್ಮವರು ಅದರ ಒಳಗುಟ್ಟು ಹಿಡಿದರು. ಪುಟ ತೆರೆದರೆ ಇನ್ನೊಂದು ಇಲಾಖೆಯವರು ಈ ವಾರ ಮನೆಗೆ ಹೋಗುತ್ತಾರೆ ಅಂತ ಕಾಣುತ್ತದೆ. ಕಂಡ ಮೇಲೆ ತಾವು ಯಾಕೆ ಹೋಗಬೇಕು? ಆ ಇಲಾಖೆಯವರಿಗೂ ಇವರು ಹೋಗುತ್ತಾರೆ ಅಂತ ಕಾಣುತ್ತದೆ. ಎಲ್ಲರಿಗೂ ಎಲ್ಲವೂ ಕಾಣುತ್ತಿತ್ತು, ರೋಗಿಗೆ ಮಾತ್ರ ಯಾರೂ ಕಾಣುತ್ತಿರಲಿಲ್ಲ. ಇದನ್ನು ಸರಿಪಡಿಸಲು ಸಮನ್ವಯ ಸಭೆ ಶುರುವಾಯಿತು. ಸೋಮವಾರ ಕೂಡ್ಲಿಗಿಯಲ್ಲಿ ಸಭೆ, ಗುರುವಾರ ವಿಡಿಯೋ ಸಭೆ, ಶನಿವಾರ ಆ ಎರಡು ಸಭೆಯ ತಪ್ಪು ತಿದ್ದುವ ಸಭೆ. ಮನೆ ಭೇಟಿ ಯಾಕೆ ಕಡಿಮೆಯಾಗಿದೆ ಅನ್ನುವುದೇ ಮೂರೂ ಸಭೆಯ ಮುಖ್ಯ ವಿಷಯ. ಅನ್ನದಾನಮ್ಮ ಉಳಿದ ದಿನಗಳಲ್ಲಿ ಓಡಾಡುತ್ತಿದ್ದರು, ಓಡಾಡಿದ್ದನ್ನು ರಾತ್ರಿ ಕೂತು ಆ್ಯಪಿಗೆ ತುಂಬುತ್ತಿದ್ದರು. ತುಂಬಿದವರಲ್ಲಿ ಮೂವತ್ತೊಂದು ಜನಕ್ಕೆ ತಮ್ಮದೇ ನಂಬರು ಕೊಟ್ಟಿದ್ದರು.

ಆ ಮೂವತ್ತೊಂದರಲ್ಲಿ ಒಬ್ಬ ಮೈಲಪ್ಪ. ಕುರಿ ಕಾಯುವವನು, ಮೂವತ್ತೆಂಟು ವರ್ಷ, ಕಿವಿಯ ಹತ್ತಿರದವರೆಗೆ ತಿರುವಿದ ಮೀಸೆ. ಅವನಿಗೆ ಚಿಕ್ಕಂದಿನಿಂದ ಫಿಟ್ಸ್ ಇದೆ. ಹಿಂದೊಮ್ಮೆ ಉರಿಯುವ ಒಲೆಯ ಮೇಲೆ ಬಿದ್ದು ಎಡಗೈ ಸುಟ್ಟುಕೊಂಡಿದ್ದ. ದಿನಕ್ಕೆ ಎರಡು ಗುಳಿಗೆ ತಪ್ಪದೆ ನುಂಗಲು ಶುರು ಮಾಡಿದ ಮೇಲೆ ನಾಲ್ಕು ವರ್ಷ ಒಮ್ಮೆಯೂ ಬಿದ್ದಿರಲಿಲ್ಲ. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವನೂ ಹೆಂಡತಿ ಭರಮಮ್ಮನೂ ಕುರಿ ಹೊಡೆದುಕೊಂಡು ಹಡಗಲಿ ಕಡೆಯ ಹೊಳೆಸಾಲಿಗೆ ಹೋಗುತ್ತಾರೆ. ಅಲ್ಲಿ ಕುಯ್ಲಾದ ಹೊಲದವರು ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲೇ ಕುರಿ ತರುಬಿ ನಿಲ್ಲಿಸಿಕೊಳ್ಳುತ್ತಾರೆ. ಮೂರು ತಿಂಗಳು ಬಯಲಲ್ಲೇ ಬದುಕು, ಹೊಳೆಯಲ್ಲೇ ಕುರಿ ತೊಳೆಯುವುದು. ಗುಳಿಗೆ ಇಲ್ಲದೆ ಆ ನೀರಿಗೆ ಇಳಿದರೆ ಏನಾಗಬಹುದು ಅನ್ನುವುದು ಭರಮಮ್ಮನಿಗೆ ಗೊತ್ತು. ಅದಕ್ಕೆ ಹೊರಡುವ ಒಂದು ವಾರ ಮೊದಲೇ ಬಂದು ಮೂರು ತಿಂಗಳ ಗುಳಿಗೆ ಒಯ್ಯುವುದು ಅವರ ರೂಢಿ.

ಈ ಸಲ ಮಂಗಳವಾರ ಬಂದರು. ಮುಂದಿನ ಸೋಮವಾರ ಹೊರಡುವವರಿದ್ದರು. ನಾನು ನಂಬರು ಹಾಕಿದೆ. ಪರದೆಯ ಮೇಲೆ ಮೈಲಪ್ಪನ ಬದಲು ಅನ್ನದಾನಮ್ಮ ಅಂತ ಬಂತು, ಕೆಳಗೆ ಕೆಂಪು ಅಕ್ಷರದಲ್ಲಿ, 'ಫಲಾನುಭವಿ ಗರ್ಭಿಣಿ. ಈ ಗುಳಿಗೆ ಕೊಡತಕ್ಕದ್ದಲ್ಲ.'

ಆಗಿದ್ದೇನೆಂದರೆ, ಹಿಂದಿನ ವಾರ ಕೂಡುಕೈಯವರು 'ಮಾಹಿತಿ ಸ್ವಚ್ಛತಾ ವಾರ' ಮಾಡಿದ್ದರು. ಒಂದೇ ನಂಬರಿಗೆ ಮೂವತ್ತೊಂದು ಹೆಸರು ಕಂಡ ಯಂತ್ರ, ಯಾರೋ ಒಬ್ಬಳೇ ಮೂವತ್ತೊಂದು ಹೆಸರಿಟ್ಟುಕೊಂಡಿದ್ದಾಳೆ ಅಂತ ತೀರ್ಮಾನಿಸಿ, ಎಲ್ಲರನ್ನೂ ತೊಳೆದು ಒಬ್ಬಳನ್ನು ಉಳಿಸಿತ್ತು. ಸಿಮ್ ಅನ್ನದಾನಮ್ಮನ ಹೆಸರಿನಲ್ಲಿದ್ದದ್ದರಿಂದ ಉಳಿದವಳು ಅನ್ನದಾನಮ್ಮ. ವಯಸ್ಸು ನಲವತ್ತೊಂಬತ್ತು. ಎರಡು ಕಣ್ಣಿಗೂ ಪೊರೆ, ಒಂದು ಕಾಲಿಗೆ ಪೋಲಿಯೋ, ಸಕ್ಕರೆ ಕಾಯಿಲೆ, ಫಿಟ್ಸ್. ಅಂಗನವಾಡಿಯವರ ಲೆಕ್ಕದಲ್ಲಿ ತೂಕ ಹನ್ನೊಂದು ಕಿಲೋ ನಾನೂರು ಗ್ರಾಂ. ಅದರ ಮೇಲೆ ಎರಡು ಗರ್ಭ.

"ಏನಾತ್ರಿ ಸರ?" ಅಂದ ಮೈಲಪ್ಪ.

"ನೀನು ಬಸುರಿ ಅಂತ ಬಂದೈತಿ," ಅಂದೆ.

ಅವನು ಮೀಸೆ ಮುಟ್ಟಿ ನೋಡಿಕೊಂಡ. "ಎಷ್ಟು ತಿಂಗಳ್ರಿ?"

"ಒಂದು ಒಂಬತ್ತು, ಇನ್ನೊಂದು ಐದು."

ಸಾಲಿನಲ್ಲಿದ್ದವರು ನಕ್ಕರು, ನಾನೂ ನಕ್ಕೆ. ಭರಮಮ್ಮ ನಗಲಿಲ್ಲ. "ನಗೋದು ಆಮ್ಯಾಲ ಆಗ್ಲಿ. ನಮ್ಮ ಕಡೆ ಆರು ಗುಳಿಗಿ ಉಳದಾವು. ಕೊಡ್ತೀರಿಲ್ಲೋ ಹೇಳ್ರಿ," ಅಂದಳು.

ಕೊಡಲಿಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಗುಳಿಗೆ ನನ್ನ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು, ಬೀರುವಿನ ಕೀ ನನ್ನ ಜೇಬಿನಲ್ಲಿತ್ತು. ಆ ಗುಳಿಗೆ ಬಸುರಿಯರಿಗೆ ಕೊಟ್ಟರೆ ಹೊಟ್ಟೆಯ ಕೂಸಿಗೆ ಕೇಡು, ಆ ನಿಯಮದಲ್ಲಿ ತಪ್ಪಿಲ್ಲ. ಎದುರಿಗೆ ನಿಂತವನಿಗೆ ಮೀಸೆ ಇದೆ ಅನ್ನುವುದನ್ನು ಬರೆಯಲು ಮಾತ್ರ ಆ್ಯಪಿನಲ್ಲಿ ಜಾಗವಿಲ್ಲ. ಹಿಂದೊಮ್ಮೆ ಹನ್ನೊಂದು ಓಆರ್‌ಎಸ್ ಪೊಟ್ಟಣ ಹೆಚ್ಚುಕಮ್ಮಿಯಾಗಿ ನನಗೆ ಕಾರಣ ಕೇಳುವ ನೋಟಿಸು ಬಂದಿತ್ತು. ಆಗಿನಿಂದ ಪರದೆಯ ಮೇಲೆ ಹಸಿರು ಬರದೆ ನಾನು ಗುಳಿಗೆಯ ಒಂದು ಪಟ್ಟಿಯನ್ನೂ ಹೊರಗೆ ಇಟ್ಟವನಲ್ಲ. ನಮ್ಮ ಡಾಕ್ಟರಮ್ಮ ಕೈಬರಹದ ಚೀಟಿ ಕೊಟ್ಟರು. ಅದನ್ನು ಹಿಡಿದು ಅನ್ನದಾನಮ್ಮ ಕೂಡ್ಲಿಗಿಯ ಅಂಗಡಿಗಳನ್ನೆಲ್ಲ ಸುತ್ತಿದರು. ಸಿಕ್ಕದ್ದು ಎರಡು ಪಟ್ಟಿ, ಇಪ್ಪತ್ತು ಗುಳಿಗೆ. ಕುರಿ ಹಡಗಲಿ ಮುಟ್ಟುವಷ್ಟರಲ್ಲಿ ಅದು ಮುಗಿಯುತ್ತದೆ, ಹಡಗಲಿಯಲ್ಲೂ ಇದೇ ಆ್ಯಪ್, ಇದೇ ಬಸುರಿ.

ಬುಧವಾರ ಕೂಡುಕೈಯ ಸಂಯೋಜಕ ಕ್ರಾಂತಿಕುಮಾರ್ ಬಂದರು. ಹರಪನಹಳ್ಳಿಯ ಕಡೆಯವರು, ಮಾತು ಮೆತ್ತಗೆ, ಕೊರಳಲ್ಲಿ ಗುರುತಿನ ಚೀಟಿ. ಅವರು ಬಂದದ್ದು ತಪ್ಪು ತಿದ್ದಲು ಅಲ್ಲ, ಅಭಿನಂದಿಸಲು. ಐದು ತಾಲ್ಲೂಕಿನಲ್ಲೇ ಅತ್ಯಂತ ಸಂಕೀರ್ಣವಾದ ಫಲಾನುಭವಿ ನಮ್ಮೂರಿನಲ್ಲಿ ಪತ್ತೆಯಾಗಿದ್ದಾರೆ ಅಂತ ಮೇಲಿನವರಿಗೆ ಸಂತೋಷವಾಗಿತ್ತಂತೆ. ಎರಡು ಜೀಪಿನಲ್ಲಿ ಐದು ಇಲಾಖೆಯವರು ಒಟ್ಟಿಗೆ ರೋಗಿಯ ಮನೆಗೆ ಹೊರಟರು. ಒಂದೇ ದಿನ ಅಷ್ಟು ಇಲಾಖೆಯವರು ನಮ್ಮೂರ ಓಣಿಗೆ ಇಳಿದದ್ದು ಅದೇ ಮೊದಲು. ರೋಗಿ ಅಂಗಳದಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದರು.

"ಅನ್ನದಾನಮ್ಮ ಅನ್ನೋರು ಎಲ್ಲಿದಾರೆ ಮೇಡಂ? ಕಣ್ಣು ಕಾಣಲ್ಲ, ಕಾಲು ಬರಲ್ಲ, ತುಂಬಿದ ಬಸುರಿ," ಅಂತ ಕೇಳಿದರು ಕ್ರಾಂತಿಕುಮಾರ್.

"ನಾನ ರಿ. ಕುಂದರ್ರಿ, ಬಿಸಿ ರೊಟ್ಟಿ ಅದಾವು," ಅಂದರು ಅನ್ನದಾನಮ್ಮ.

ವಿಷಯ ತಿಳಿದು ಕ್ರಾಂತಿಕುಮಾರ್ ಮುಖ ಸಣ್ಣದಾಯಿತು. ಆದರೆ ಬಂದ ಐದೂ ಇಲಾಖೆಯವರು ಭೇಟಿ ಆಯಿತು ಅಂತ ಗುರುತು ಹಾಕಿ, ರೊಟ್ಟಿ ತಿಂದು, ಫೋಟೋ ತೆಗೆದುಕೊಂಡು ಹೋದರು. ಬೆರೆತದ್ದನ್ನು ಬಿಡಿಸದೆ ಯಾರನ್ನೂ ಹೊಸದಾಗಿ ಸೇರಿಸಲು ಬರುವುದಿಲ್ಲ, ಬಿಡಿಸಲು ಬೆಂಗಳೂರಿಗೆ ಕೋರಿಕೆ ಹೋಗಬೇಕು, ನಲವತ್ತೈದು ಕೆಲಸದ ದಿನ ಹಿಡಿಯುತ್ತದೆ ಅಂದರು ಕ್ರಾಂತಿಕುಮಾರ್. ಕುರಿಗಳಿಗೆ ಕೆಲಸದ ದಿನ, ರಜಾ ದಿನ ಅಂತ ಇಲ್ಲ. ಮೇವು ಮುಗಿದಿತ್ತು, ಸೋಮವಾರ ಹೊರಡಲೇಬೇಕಿತ್ತು.

ಆಮೇಲೆ ಅನ್ನದಾನಮ್ಮ ಮನೆ ಕಟ್ಟೆಯ ಮೇಲೆ ಕೂರುವ ತಮ್ಮ ಹಟವನ್ನೆಲ್ಲ ಆ ಆ್ಯಪಿನ ಮೇಲೆ ತಿರುಗಿಸಿದರು. ಗುರುವಾರ ಅವರ ಪಟ್ಟಿಯ ಒಂಬತ್ತು ತಿಂಗಳ ಬಸುರಿಗೆ ಹೆರಿಗೆಯಾಯಿತು. ಕೂಡಲೇ ಬಂದು ಹೆರಿಗೆ ಅಂತ ತುಂಬಿದರು. ಒಂದು ಗರ್ಭ ಇಳಿಯಿತು. ಹನ್ನೊಂದು ಕಿಲೋ ತೂಕದ ತಾಯಿ ಮೂರು ಕಿಲೋ ಮಗು ಹೆತ್ತಳು ಅಂತ ಜಿಲ್ಲೆಗೆ ಎಚ್ಚರಿಕೆಯ ಸಂದೇಶ ಹೋಯಿತು, ಅದು ಬೇರೆ ಕಥೆ. ಎರಡನೆಯದು ಸೌಭಾಗ್ಯ ಅನ್ನುವ ಹುಡುಗಿಯದು, ಐದೇ ತಿಂಗಳು. ಇನ್ನೂ ನಾಲ್ಕು ತಿಂಗಳು ಮೈಲಪ್ಪ ಬಸುರಿಯಾಗಿಯೇ ಇರಬೇಕು.

ಆ ಬಸುರಿ ಊರು ಬಿಟ್ಟರೆ ಮೈಲಪ್ಪನನ್ನು ಇಲ್ಲಿ ಹೊಸದಾಗಿ ಸೇರಿಸಬಹುದೇನೋ ಅಂತ ಶನಿವಾರ 'ವಲಸೆ' ಒತ್ತಿ ನೋಡಿದರು. ಊರು ಬಿಟ್ಟವರನ್ನು ಬೇರೆ ತಾಲ್ಲೂಕಿಗೆ ಕಳಿಸುವ ಗುಂಡಿ ಅದು. ಮೂವತ್ತೊಂದು ಜನವೂ ಒಂದೇ ಏಟಿಗೆ ಹಡಗಲಿಯವರಾದರು. ಭಾನುವಾರ ಬೆಳಿಗ್ಗೆ ಅಲ್ಲಿಯ ಆಶಾ ಫೋನು ಮಾಡಿ, "ಅಕ್ಕಾರ, ನಿಮ್ಮ ಕಡಿಂದ ಒಬ್ಬಾಕಿ ಬಾಣಂತಿ ಬಂದಾಳಂತ, ಎಲ್ಲಿ ಅದಾಳ್ರಿ?" ಅಂತ ಕೇಳಿದಳು.

"ಅಕಿನ ಮಾತಾಡಾಕತ್ತಾಳವ್ವ. ನಾ ನಮ್ಮ ಮನ್ಯಾಗ ಅದೀನಿ," ಅಂದರು ಅನ್ನದಾನಮ್ಮ. ಅವರಿಗೆ ಸುಳ್ಳು ಹೇಳಲು ಬರುತ್ತಿತ್ತು, ಇನ್ನೊಬ್ಬ ಆಶಾಳಿಗೆ ಹೇಳಲು ಬರುತ್ತಿರಲಿಲ್ಲ. ವಿಳಾಸದಲ್ಲಿ ಸಿಗಲಿಲ್ಲ ಅಂತ ಬರೆದು ಅವಳು ಮೂವತ್ತೊಂದು ಜನವನ್ನೂ ವಾಪಸ್ ಕಳಿಸಿದಳು.

ಅವತ್ತು ಸಂಜೆ ಕ್ರಾಂತಿಕುಮಾರ್ ತಾವಾಗಿಯೇ ಬೈಕಿನಲ್ಲಿ ಬಂದರು. ರಜೆಯ ದಿನ, ಯಾರೂ ಕರೆದಿರಲಿಲ್ಲ. ಆ ಗುಣ ಅವರಲ್ಲಿ ಇತ್ತು, ಇಲ್ಲ ಅನ್ನಬಾರದು. ನಾನೂ ಅನ್ನದಾನಮ್ಮನ ಮನೆಗೆ ಹೋಗಿದ್ದೆ. ಯಾಕೆ ಹೋದೆ ಅಂತ ಕೇಳಿದರೆ, ಮನೆಯಲ್ಲಿ ಕೂರಲು ಆಗಲಿಲ್ಲ. ಭರಮಮ್ಮ ಹೊಸಿಲ ಪಕ್ಕ ಕೂತಿದ್ದಳು, ನನ್ನ ಮುಖ ನೋಡಲಿಲ್ಲ.

"ಇನ್ನೊಂದು ದಾರಿ ಐತೆ ಮೇಡಂ. ಹೇಳೋಕೆ ಬಾಯಿ ಬರ್ತಿಲ್ಲ," ಅಂದರು ಕ್ರಾಂತಿಕುಮಾರ್. "ಮರಣ ಅಂತ ಹಾಕಿದ್ರೆ ಪ್ಲಾನ್ ಪೂರ್ತಿ ಕ್ಲೋಸ್ ಆಗುತ್ತೆ. ಬೆಳಗಾದ್ರೆ ಉಳಿದೋರನ್ನ ಹೊಸದಾಗಿ ಸೇರಿಸ್ಬೋದು. ಆದ್ರೆ ಸತ್ತೋರು ಅಂತ ಹೋಗೋದು ನಿಮ್ಮ ಹೆಸರು."

"ಗಿಡ್ಡಮ್ಮನ ಪಿಂಚಣಿ ನಿಲ್ಲತೈತೇನ್ರಿ?"

"ಇಲ್ಲ ಮೇಡಂ. ಪ್ಲಾನ್ ನಿಮ್ಮ ಹೆಸರಲ್ಲಿ ಐತೆ. ಸಾಯೋರು ನೀವೊಬ್ರೇ."

"ಮತ್ತ ನಾ ತಿರುಗಿ ಬರಬೇಕಂದ್ರ?"

"ಅದಕ್ಕೆ ಅರ್ಜಿ ಕೊಡ್ಬೇಕು. ನಿಮ್ಮೂರ ಆಶಾ ನಿಮ್ಮ ಮನೆಗೆ ಬಂದು ನೋಡಿ, ಜೀವಂತ ಇದಾರೆ ಅಂತ ಆ್ಯಪಲ್ಲಿ ಬರೀಬೇಕು."

"ನಮ್ಮೂರ ಆಶಾ ಸತ್ತಾಳಲ್ರಿ," ಅಂದರು ಅನ್ನದಾನಮ್ಮ.

ಅವರು ಬಹಳ ಹೊತ್ತು ಯೋಚಿಸಲಿಲ್ಲ. ಫೋನು ತೆಗೆದು ಮರಣ ಒತ್ತಿದರು. ಕಾರಣ ಏನು ಅಂತ ಕೇಳಿತು. ಹೆರಿಗೆ, ಹಾವು ಕಡಿತ, ಅಪಘಾತ, ವಯೋಸಹಜ. ನನ್ನ ಕಡೆ ತಿರುಗಿ, "ಯಾವುದು ಹಾಕ್ಲಿ ಸೋಮಣ್ಣಾರ? ಹಾವು ಬ್ಯಾಡ್ರಿ, ನನಗ ಅಂಜಿಕಿ," ಅಂದರು. ಅವರೇ ವಯೋಸಹಜ ಅಂತ ಆರಿಸಿದರು.

"ನಲವತ್ತೊಂಬತ್ತಕ್ಕೆ ವಯೋಸಹಜ ಅಂದ್ರೆ ಒಪ್ಪಲ್ಲ ಮೇಡಂ," ಅಂದರು ಕ್ರಾಂತಿಕುಮಾರ್.

"ಮೂವತ್ತೊಂದು ಮಂದೀದು ವಯಸ್ಸು ಕೂಡಿಸಿ ನೋಡ್ರಿ, ಸಾಕಾಕ್ಕೈತಿ," ಅಂದರು. ಆ್ಯಪ್ ತಕರಾರು ಮಾಡದೆ ಒಪ್ಪಿತು. ಕುಟುಂಬದವರಿಗೆ ಸಾಂತ್ವನ ಅನ್ನುವ ಸಂದೇಶ ಅವರದೇ ಫೋನಿಗೆ ಬಂತು.

ಆಮೇಲೆ ಅವರು ಎದ್ದು ಮಂಡಕ್ಕಿ ತಂದರು. ಬಾಯಿ ತೆರೆದು ಹೇಳಿಬಿಡುತ್ತೇನೆ, ನಾಚಿಕೆಯಾಯಿತು. ಒಬ್ಬ ಹೆಂಗಸು ತನ್ನ ಕೈಯಾರೆ ತಾನು ಸತ್ತೆ ಅಂತ ಬರೆದುಕೊಳ್ಳುವವರೆಗೂ ನಾನು ಬೀರುವಿನ ಕೀ ಜೇಬಿನಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದೆ. ಒಂದು ನೋಟಿಸಿನ ಭಯಕ್ಕೆ.

ಸೋಮವಾರ ಬೆಳಿಗ್ಗೆ ಎಂಟಕ್ಕೇ ಕಿಟಕಿ ತೆಗೆದೆ. ಹೊರಗೆ ರಸ್ತೆ ತುಂಬ ಕುರಿ. ಹಿಂದೆ ಕೂಡ್ಲಿಗಿಯ ಬಸ್ಸು ಹಾರ್ನ್ ಹೊಡೆಯುತ್ತ ನಿಂತಿತ್ತು. ಕತ್ತೆಯ ಮೇಲೆ ಪಾತ್ರೆ, ಕಂಬಳಿ ಹೇರಿಕೊಂಡು ಮೈಲಪ್ಪ ಸಿದ್ಧನಾಗಿದ್ದ. ಅನ್ನದಾನಮ್ಮ ಭರಮಮ್ಮನ ಕೈ ಹಿಡಿದು ಮುಂದೆ ಬಂದರು. ಮೈಲಪ್ಪನ ಹೆಸರು ಹೊಸದಾಗಿ ಹಾಕಿದೆ. ಗಂಡಸು ಅಂತ ಹಾಕಿದೆ, ಒಪ್ಪಿತು. ಫಿಟ್ಸ್ ಅಂತ ಹಾಕಿದೆ, ಒಪ್ಪಿತು. ಫೋನ್ ನಂಬರು ಕೇಳಿತು. ಅನ್ನದಾನಮ್ಮ ಎಂದಿನಂತೆ ತಮ್ಮದನ್ನು ಹೇಳಿದರು. 'ಇದು ಮೃತರ ಸಂಖ್ಯೆ' ಅಂತ ಬಂತು.

ಮೈಲಪ್ಪನ ಹತ್ತಿರ ಫೋನಿಲ್ಲ. ಹದಿನಾರು ವರ್ಷದ ನೌಕರಿಯಲ್ಲಿ ನಾನು ಆ ಕಿಟಕಿಯಿಂದ ಯಾರಿಗೂ ನನ್ನ ನಂಬರು ಕೊಟ್ಟಿರಲಿಲ್ಲ. ಕೇಳಿದವರಿಗೆ ಕೊನೆಯ ಅಂಕಿ ತಪ್ಪು ಹೇಳುತ್ತಿದ್ದೆ, ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡಿ ಜೀವ ತಿನ್ನುತ್ತಾರೆ ಅಂತ. ಈಗ ಹತ್ತೂ ಅಂಕಿ ಸರಿಯಾಗಿ ಒತ್ತಿದೆ. ಜೇಬಿನಲ್ಲಿ ನನ್ನ ಫೋನು ಸದ್ದು ಮಾಡಿತು, ಓಟಿಪಿ ಬಂತು, ಹಾಕಿದೆ, ಹಸಿರು ಬಂತು. ನೂರಾ ಎಂಬತ್ತು ಗುಳಿಗೆ ಎಣಿಸಿ ಕೊಟ್ಟೆ. ಭರಮಮ್ಮ ಅದನ್ನು ಸೆರಗಿನಲ್ಲಿ ತೆಗೆದುಕೊಂಡು, ಎರಡು ಪದರ ಬಟ್ಟೆಯಲ್ಲಿ ಸುತ್ತಿ, ಕುಪ್ಪಸದೊಳಗೆ ಇಟ್ಟುಕೊಂಡಳು. ಕುರಿ ಮುಂದೆ ಸಾಗಿದವು.

"ಇನ್ನ ಮೂವತ್ತು ಮಂದಿ ಅದಾರ್ರಿ ಸೋಮಣ್ಣಾರ. ಒಬ್ಬೊಬ್ಬರನ್ನ ಕಳಸ್ತೀನಿ," ಅಂದರು ಅನ್ನದಾನಮ್ಮ.

ಕಳಿಸ್ರಿ ಅಂದೆ. ಮುಂದಿನ ಸ್ವಚ್ಛತಾ ವಾರದಲ್ಲಿ ಸೌಭಾಗ್ಯಳ ಗರ್ಭ ನನಗೆ ಬರುತ್ತದೆ ಅನ್ನುವುದು ಗೊತ್ತಿದ್ದೇ ಅಂದೆ.

ರಸ್ತೆ ತೆರವಾಗಿ ಬಸ್ಸು ಆಸ್ಪತ್ರೆಯ ಮುಂದೆ ಬಂದು ನಿಂತಿತು. ಪ್ರತಿ ಸೋಮವಾರ ಅವರು ಸಮನ್ವಯ ಸಭೆಗೆ ಹೋಗುವ ಬಸ್ಸು ಅದೇ. ಕಂಡಕ್ಟರ್ ಇವರನ್ನು ನೋಡಿ ಕಾದ. ಅನ್ನದಾನಮ್ಮ ಚೀಲ ಹೆಗಲಿಗೆ ಏರಿಸಿಕೊಂಡರು, ಬಸ್ಸಿನ ಕಡೆ ತಿರುಗಲಿಲ್ಲ.

"ಯಾಕ್ರಿ, ಮೀಟಿಂಗಿಗೆ ಹೋಗಂಗಿಲ್ಲೇನು?" ಅಂತ ಕೇಳಿದೆ.

"ಸತ್ತೋರಿಗೆ ಎಲ್ಲಿ ಮೀಟಿಂಗ್ರಿ," ಅಂದರು. "ಇವತ್ತರ ಎಲ್ಲಾರ ಮನಿಗೂ ಹೋಗಿ ಬರ್ತೀನಿ."